ಮುಟ್ಟಿದ್ರೆ ಸಾಕು ಒತ್ತಿದ ಹಾಗೆ: ಕಾರಿನೊಳಗಿನ ಟಚ್ ಬಟನ್ ತಲೆನೋವು

ಹೋದ ವರ್ಷ ಜುಲೈನಲ್ಲಿ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದ್ಕೊಂಡು ಚಾರ್ಮಾಡಿ ಘಾಟಿ ಇಳೀತಾ ಇದ್ವಿ. ಕಾರಲ್ಲಿ ಐದು ಜನ, ಎಲ್ಲರ ಬಟ್ಟೆನೂ ಅರ್ಧಂಬರ್ಧ ಒದ್ದೆ, ಹೊರಗಡೆ ಮಳೆ ಹೇಗಿತ್ತು ಅಂತ ಆ ಕಡೆಯವರಿಗೆ ಹೇಳೋದೇ ಬೇಡ. ಎರಡು ತಿರುವು ಇಳಿಯೋದ್ರೊಳಗೆ ಮುಂದಿನ ಗಾಜು ಒಳಗಡೆಯಿಂದ ಆವಿ ಕಟ್ಟಿ ಬೆಳ್ಳಗಾಗೋಕೆ ಶುರುವಾಯ್ತು. ಡಿಫಾಗರ್ ಹಾಕ್ಬೇಕು, ಅಷ್ಟೇ ತಾನೆ. ಆದ್ರೆ ನಮ್ಮ ಕಾರಲ್ಲಿ ಏಸಿದು ಎಲ್ಲಾ ಒಂದು ಕಪ್ಪು ಗಾಜಿನ ಪಟ್ಟಿ ಮೇಲಿದೆ, ಉಬ್ಬಿಲ್ಲ ತಗ್ಗಿಲ್ಲ, ಸಾಲಾಗಿ ಚಿಕ್ಕ ಚಿಕ್ಕ ಚಿತ್ರ ಬೆಳಗ್ತಾ ಇರ್ತವೆ. ರೋಡ್ ಮೇಲೇ ಕಣ್ಣಿಟ್ಟು ಎಡಗೈ ಚಾಚಿದೆ, ಬೆರಳು ಎಲ್ಲೋ ತಾಗ್ತು, ಟಿಂಗ್ ಅಂತು, ಏನೋ ಒಂದು ಆನ್ ಆಯ್ತು, ಗಾಜು ಮಾತ್ರ ಇನ್ನೂ ಬೇಗ ಮುಸುಕಾಗ್ತಾ ಹೋಯ್ತು. ಆಮೇಲೆ ಗೊತ್ತಾಯ್ತು, ನಾನು ಒತ್ತಿದ್ದು (ಒತ್ತಿದ್ದು ಅನ್ನೋದಕ್ಕಿಂತ ಸವರಿದ್ದು) ರೀಸರ್ಕ್ಯುಲೇಶನ್. ಹೊರಗಿನ ಗಾಳಿ ಬಂದ್ ಮಾಡಿ ಒಳಗಿನ ಒದ್ದೆ ಗಾಳಿಯನ್ನೇ ಸುತ್ತಿಸೋ ಬಟನ್ ಅದು, ಅಂದ್ರೆ ಬೇಕಾಗಿದ್ದಕ್ಕೆ ಸರಿಯಾಗಿ ಉಲ್ಟಾ.

"ನೀವು ರೋಡ್ ನೋಡ್ರಿ, ಅದನ್ನ ನಾನು ಒತ್ತೀನಿ" ಅಂತ ಪಕ್ಕದ ಸೀಟಲ್ಲಿದ್ದ ನಮ್ಮ ಮಾವ ಕೈ ಹಾಕಿದ್ರು. ಅವರು ಅಡಿಕೆ ತೋಟದಲ್ಲೇ ಜೀವನ ಸವೆಸಿದವರು, ಬೆರಳಿನ ತುದಿ ಮರದ ತೊಗಟೆ ಥರ ಗಟ್ಟಿ. ಸರಿಯಾದ ಚಿತ್ರದ ಮೇಲೇ ಒತ್ತಿದ್ರು, ಏನೂ ಆಗ್ಲಿಲ್ಲ, ಇನ್ನೊಂದ್ಸಲ ಒತ್ತಿದ್ರು, ಊಹೂಂ. "ಇದೂ ರೇಷನ್ ಅಂಗಡಿ ಹೆಬ್ಬೆಟ್ಟು ಮಷಿನ್ ಥರಾನೇ ಆಯ್ತಲ್ಲ, ನನ್ನ ಬೆರಳು ಒಪ್ತಾನೇ ಇಲ್ಲ" ಅಂದು, ಹಿಂದಿಂದ ಮಗಳು ಕೊಟ್ಟ ಕರ್ಚೀಫ್ ತಗೊಂಡು ಗಾಜು ಒರೆಸ್ತಾ ಕೂತ್ರು. ಮುಂದೆ ಸ್ವಲ್ಪ ಅಗಲ ಜಾಗ ಸಿಕ್ಕಿದ ಮೇಲೆ ನಿಲ್ಲಿಸಿ, ಮೊಬೈಲ್ ನೋಡೋ ಹಾಗೆ ಬಗ್ಗಿ ನೋಡಿ, ಸರಿ ಮಾಡ್ಕೊಂಡು ಹೊರಟ್ವಿ.

ಆವತ್ತಿಂದ ಈ ವಿಷ್ಯ ತಲೇಲಿ ಕೊರೀತಾನೇ ಇದೆ. ಓದ್ತಾ ಹೋದ್ರೆ ಇದು ನನ್ನೊಬ್ಬನ ಗೋಳಲ್ಲ, ಸ್ವೀಡನ್‌ನಿಂದ ಹಿಡಿದು ಅಮೆರಿಕದ ನೌಕಾಪಡೆ ತನಕ ಇದೇ ಜಗಳ ನಡೆದಿದೆ, ಕೆಲವು ದೊಡ್ಡ ಕಂಪನಿಗಳು ತಪ್ಪು ಒಪ್ಕೊಂಡು ವಾಪಸ್ ಬಟನ್ ಕಡೆ ಹೊರಟಿವೆ, ಆದ್ರೆ ನಮ್ಮಲ್ಲಿ ಮಾತ್ರ ಶೋರೂಮಲ್ಲಿ ಇನ್ನೂ ಅದನ್ನೇ "ಪ್ರೀಮಿಯಂ ಫೀಲ್ ಸಾರ್" ಅಂತ ಮಾರ್ತಾ ಇದಾರೆ.

ಮೊದಲು ಮಾವನ ಬೆರಳಿಗೆ ಏನಾಯ್ತು ನೋಡೋಣ. ಈಗಿನ ಟಚ್ ಪ್ಯಾನೆಲ್‌ಗಳು ಬಹುಪಾಲು ಕೆಪಾಸಿಟಿವ್ ಅನ್ನೋ ಜಾತಿ, ನಿಮ್ಮ ಫೋನಲ್ಲಿ ಇರೋದೂ ಅದೇ. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ವಿದ್ಯುತ್ ಹರಿಯೋ ಪದರ ಇರತ್ತೆ, ಸ್ಕ್ರೀನ್ ಆದ್ರೆ ಸಾಮಾನ್ಯವಾಗಿ ಇಂಡಿಯಂ ಟಿನ್ ಆಕ್ಸೈಡ್‌ದು. ಅದು ತನ್ನ ಮೇಲೆ ಸಣ್ಣದೊಂದು ವಿದ್ಯುತ್ ಕ್ಷೇತ್ರ ಹಿಡ್ಕೊಂಡಿರತ್ತೆ, ನಮ್ಮ ಮೈಯಲ್ಲಿ ನೀರು ಉಪ್ಪು ಎಲ್ಲಾ ಇರೋದ್ರಿಂದ ಬೆರಳು ಹತ್ರ ಬಂದ ಕೂಡ್ಲೇ ಆ ಕ್ಷೇತ್ರ ಸ್ವಲ್ಪ ಏರುಪೇರಾಗತ್ತೆ, ಕೆಳಗಿರೋ ಚಿಪ್ ಅದನ್ನ ಸೆಕೆಂಡಿಗೆ ಎಷ್ಟೋ ಸಲ ಅಳೆದು "ಹಾಂ, ಇಲ್ಲಿ ಬೆರಳು ಬಂತು" ಅಂತ ತೀರ್ಮಾನ ಮಾಡತ್ತೆ. ಒತ್ತಡದ ಮಾತೇ ಇಲ್ಲ ಇಲ್ಲಿ. ಹಾಗಾಗಿ ಚರ್ಮ ಒಣಗಿ ಗಟ್ಟಿಯಾಗಿದ್ರೆ ಬೆರಳು ಬಂದಿದ್ದೇ ಅದಕ್ಕೆ ಗೊತ್ತಾಗಲ್ಲ, ಗ್ಲೌಸ್ ಹಾಕಿದ್ರೂ ಅದೇ ಕಥೆ, ಅದೇ ನೀರಿನ ಹನಿ ಬಿದ್ರೆ ಬೆರಳು ಅಂದ್ಕೊಂಡು ಬಿಡಬಹುದು. ಕೈ ಕೆಸರು ಮಾಡ್ಕೊಂಡು ದುಡಿಯೋರ ಬೆರಳು ಒಪ್ಪದೆ, ನೀರಿನ ಹನಿಯನ್ನ ಒಪ್ಪೋ ಬಟನ್, ನೋಡಿ ಹೆಂಗಿದೆ.

ಆದ್ರೆ ಇದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ, ಅದು ನನ್ನ ಬೆರಳಿಗೆ ಆಗಿದ್ದು.

ಕರೆಂಟ್ ಹೋದಾಗ ಅಡುಗೆಮನೆಗೆ ಹೋಗಿ ಬೆಂಕಿಪೊಟ್ಟಣ ಹುಡುಕ್ತೀವಲ್ಲ, ಹೇಗೆ ಹುಡುಕ್ತೀವಿ? ಶೆಲ್ಫ್ ಅಂಚು ಸಿಗೋ ತನಕ ತಡಕಾಡ್ತೀವಿ, ಅಂಚು ಸಿಕ್ಕಿದ ಮೇಲೆ ಅದರಗುಂಟ ಕೈ ಆಡಿಸ್ಕೊಂಡು ಹೋಗ್ತೀವಿ, ಉಪ್ಪಿನ ಡಬ್ಬಿ ತಾಗತ್ತೆ, ಇದಲ್ಲ, ಪಕ್ಕದ್ದು ಸಕ್ಕರೆ ಡಬ್ಬಿ, ಇದಲ್ಲ, ಅದರ ಹಿಂದೆ ಬೆಂಕಿಪೊಟ್ಟಣ, ಸಿಕ್ತು. ಎಷ್ಟೋ ಸಾಮಾನು ಮುಟ್ಟಿದ್ವಿ, ಒಂದನ್ನೂ ಬೀಳಿಸ್ಲಿಲ್ಲ, ಬೇಕಾದ್ದನ್ನ ಮಾತ್ರ ಎತ್ಕೊಂಡ್ವಿ. ಹಳೇ ಕಾರಿನ ಬಟನ್ನೂ ಹಂಗೇನೇ. ಬೆರಳನ್ನ ಅದರ ಮೇಲೆ ಇಟ್ಕೊಂಡು ಸುಮ್ನೆ ಕೂರಬಹುದು, ಸಾಲಾಗಿ ಎಣಿಸ್ಕೊಂಡು ಮೂರನೇದಕ್ಕೆ ಹೋಗಬಹುದು, ಗ್ಯಾರಂಟಿ ಆದ ಮೇಲೆ ಒತ್ತಬಹುದು. ಹುಡುಕೋದು ಒಂದು ಕೆಲಸ, ಒತ್ತೋದು ಇನ್ನೊಂದು ಕೆಲಸ. ಟಚ್ ಪ್ಯಾನೆಲ್ ಮೇಲೆ ಇವೆರಡೂ ಒಂದೇ ಆಗಿಬಿಡತ್ತೆ, ಮುಟ್ಟಿದ್ರೆ ಮುಗೀತು, ಒತ್ತಿದ ಹಾಗೆ. ತಡಕಾಡೋಕೆ ಅವಕಾಶನೇ ಇಲ್ಲ, ಹಾಗಾಗಿ ಕಣ್ಣೇ ಹುಡುಕ್ಬೇಕು, ಕಣ್ಣು ಇರಬೇಕಾದ ಜಾಗ ರೋಡು.

ಕೀಬೋರ್ಡಲ್ಲಿ ಎಡ ಬಲ ತೋರುಬೆರಳು ಕೂರೋ ಎರಡು ಕೀ ಮೇಲೆ ಸಣ್ಣ ಗೀಟು ಉಬ್ಬಿರತ್ತಲ್ಲ, ಹಳೇ ನೋಕಿಯಾ ಫೋನಲ್ಲಿ 5 ಅಂಕಿ ಹತ್ರ ಚುಕ್ಕಿ ಇರ್ತಿತ್ತಲ್ಲ, ಅದೆಲ್ಲ ಸುಮ್ನೆ ಅಲಂಕಾರಕ್ಕೆ ಮಾಡಿದ್ದಲ್ಲ. ಹಾರ್ಮೋನಿಯಂ ನುಡಿಸೋರು ಮನೆ ನೋಡ್ಕೊಂಡು ನುಡಿಸ್ತಾರಾ? ಕಪ್ಪು ಮನೆ ಎತ್ತರದಲ್ಲಿರೋದ್ರಿಂದ ಬೆರಳಿಗೆ ದಾರಿ ಗೊತ್ತು. ಅದನ್ನ ಪೂರ್ತಿ ಸಪಾಟು ಗಾಜು ಮಾಡಿಕೊಟ್ಟು ಈಗ ನುಡಿಸಿ ಅಂದ್ರೆ ಎಂಥ ವಿದ್ವಾಂಸರಾದ್ರೂ ತಲೆ ಬಗ್ಗಿಸಲೇಬೇಕು.

ಇಲ್ಲಿ ಒಂದು ವಿಷ್ಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದರ ಬಗ್ಗೆ ಮಾತು ಬಂದಾಗೆಲ್ಲ ಜನ ಎಲ್ಲಾನೂ ಒಟ್ಟಿಗೆ ಕಲಸಿಬಿಡ್ತಾರೆ. ಕಾರಲ್ಲಿ ದೊಡ್ಡ ಸ್ಕ್ರೀನ್ ಇರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಮ್ಯಾಪ್ ನೋಡೋಕೆ, ರಿವರ್ಸ್ ಕ್ಯಾಮೆರಾಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ಯಾರು ಬೇಡ ಅಂತಾರೆ. ತೊಂದರೆ ಎರಡು ಕಡೆ ಇದೆ. ಒಂದು, ಓಡಿಸ್ತಾ ಓಡಿಸ್ತಾ ಮುಟ್ಟಬೇಕಾದ ಏಸಿ, ವೈಪರ್, ಡಿಫಾಗರ್‌ಗಳನ್ನ ಆ ಸ್ಕ್ರೀನಿನ ಮೆನು ಒಳಗೆ ತೂರಿಸೋದು. ಇನ್ನೊಂದು, ನಮ್ಮ ಕಾರಲ್ಲಿರೋ ಹಾಗೆ, ಬಟನ್ ಇದ್ದ ಜಾಗದಲ್ಲೇ ಬಟನ್ ಚಿತ್ರ ಬರೆದು ಬಿಡೋದು. ಎರಡನೇದು ನನಗೆ ಇನ್ನೂ ಕೆಟ್ಟದು ಅನ್ಸತ್ತೆ, ಯಾಕಂದ್ರೆ ಸ್ಕ್ರೀನಲ್ಲಾದ್ರೂ ನಾಳೆ ಅಪ್‌ಡೇಟ್ ಕೊಟ್ಟು ಚಿತ್ರ ದೊಡ್ಡದು ಮಾಡಬಹುದು, ಜಾಗ ಬದಲಾಯಿಸಬಹುದು. ಈ ಗಾಜಿನ ಪಟ್ಟಿಗೆ ಅದೂ ಇಲ್ಲ. ಬಟನ್ ಥರ ಒಂದೇ ಕಡೆ ಗೂಟ ಹೊಡ್ಕೊಂಡು ಕೂತಿರತ್ತೆ, ಆದ್ರೆ ಬಟನ್ ಕೊಡೋ ಸುಖ ಮಾತ್ರ ಕೊಡಲ್ಲ.

ಇದನ್ನ ಅಳೆದು ನೋಡಿದವರೂ ಇದಾರೆ. ಸ್ವೀಡನ್ನಿನ ವಿ ಬಿಲೆಗಾರೆ ಅನ್ನೋ ಕಾರ್ ಪತ್ರಿಕೆಯವರು 2022ರಲ್ಲಿ ಹನ್ನೊಂದು ಹೊಸ ಕಾರು, ಜೊತೆಗೆ ಬೇಕಂತಲೇ 2005ರ ಒಂದು ಹಳೇ ವೋಲ್ವೋ ವಿ70, ಇಷ್ಟನ್ನ ಒಂದು ಏರ್‌ಫೀಲ್ಡಿಗೆ ತಗೊಂಡು ಹೋದ್ರು. ಗಂಟೆಗೆ 110 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಾ ನಾಲ್ಕು ಕೆಲಸ ಮಾಡಬೇಕು: ಸೀಟ್ ಬಿಸಿ ಮಾಡಿ, ಟೆಂಪರೇಚರ್ ಎರಡು ಡಿಗ್ರಿ ಏರಿಸಿ, ಡಿಫ್ರಾಸ್ಟರ್ ಹಾಕೋದು ಒಂದು. ರೇಡಿಯೋ ಹಾಕಿ ಹೇಳಿದ ಚಾನೆಲ್‌ಗೆ ತರೋದು ಇನ್ನೊಂದು. ಟ್ರಿಪ್ ಮೀಟರ್ ಸೊನ್ನೆ ಮಾಡೋದು. ಮೀಟರ್ ಲೈಟ್ ಪೂರ್ತಿ ಕಮ್ಮಿ ಮಾಡಿ ನಡುವಿನ ಸ್ಕ್ರೀನ್ ಆಫ್ ಮಾಡೋದು. ಓಡಿಸೋರಿಗೆ ಮುಂಚೆನೇ ಕಾರು ಅಭ್ಯಾಸ ಮಾಡ್ಕೊಳೋಕೆ ಟೈಮ್ ಕೊಟ್ಟಿದ್ರು, ಅಂದ್ರೆ ಹೊಸ ಕಾರು ಗೊತ್ತಿಲ್ಲ ಅನ್ನೋ ನೆಪ ಇಲ್ಲ. ಹದಿನೇಳು ವರ್ಷ ಹಳೇ ವೋಲ್ವೋದಲ್ಲಿ ನಾಲ್ಕೂ ಕೆಲಸ 10 ಸೆಕೆಂಡಿಗೆ ಮುಗೀತು, ಅಷ್ಟರಲ್ಲಿ ಕಾರು 306 ಮೀಟರ್ ಹೋಗಿತ್ತು. ಎಲ್ಲಕ್ಕಿಂತ ಹಿಂದೆ ಬಿದ್ದ ಎಂಜಿ ಮಾರ್ವೆಲ್ ಆರ್ ಅನ್ನೋ ಎಲೆಕ್ಟ್ರಿಕ್ ಕಾರಲ್ಲಿ 44.9 ಸೆಕೆಂಡ್, 1372 ಮೀಟರ್. ಬಿಎಂಡಬ್ಲ್ಯೂ ಐಎಕ್ಸ್ ಅನ್ನೋ ದುಬಾರಿ ಗಾಡಿಯಲ್ಲಿ 30.4 ಸೆಕೆಂಡ್, ಅದೇ ಅಗ್ಗದ ಡಾಸಿಯಾ ಸ್ಯಾಂಡೆರೋದಲ್ಲಿ 13.5. ದುಡ್ಡು ಜಾಸ್ತಿ ಕೊಟ್ಟಷ್ಟೂ ಕಣ್ಣು ಜಾಸ್ತಿ ಹೊತ್ತು ಆ ಕಡೆ ಅನ್ನೋ ಲೆಕ್ಕ, ಯಾವಾಗ್ಲೂ ಹಾಗೇ ಅಂತಲ್ಲ, ಅದೇ ಟೆಸ್ಟಲ್ಲಿ ವೋಲ್ವೋ ಸಿ40 ದೊಡ್ಡ ಸ್ಕ್ರೀನ್ ಇಟ್ಕೊಂಡೂ 13.7 ಸೆಕೆಂಡಿಗೆ ಮುಗಿಸ್ತು. ಅಂದ್ರೆ ಸ್ಕ್ರೀನನ್ನ ನೆಟ್ಟಗೆ ಮಾಡೋಕೆ ಬರಲ್ಲ ಅಂತೇನಿಲ್ಲ, ಮಾಡೋರು ಕಮ್ಮಿ.

ಆ 44.9 ಸೆಕೆಂಡೂ ಡ್ರೈವರ್ ರೋಡ್ ಬಿಟ್ಟು ಸ್ಕ್ರೀನೇ ನೋಡ್ತಿದ್ದ ಅಂತ ಅರ್ಥ ಅಲ್ಲ, ಮಧ್ಯೆ ಮಧ್ಯೆ ತಲೆ ಎತ್ತಿರ್ತಾನೆ. ಆದ್ರೆ ಒಂದು ನೋಟಕ್ಕೆ ಎಷ್ಟು ಹೊತ್ತು ಸರಿ ಅನ್ನೋದಕ್ಕೂ ಒಂದು ಅಳತೆ ಇದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2013ರಲ್ಲಿ ಕೊಟ್ಟ ಸಲಹೆ ಪ್ರಕಾರ ಒಂದ್ಸಲಕ್ಕೆ 2 ಸೆಕೆಂಡಿಗಿಂತ ಹೆಚ್ಚು ರೋಡ್ ಬಿಟ್ಟು ನೋಡೋ ಹಾಗಿರಬಾರದು, ಒಂದು ಕೆಲಸಕ್ಕೆ ಎಲ್ಲಾ ಸೇರಿ 12 ಸೆಕೆಂಡ್ ದಾಟಬಾರದು. ಕಡ್ಡಾಯ ಅಲ್ಲ, ಸಲಹೆ ಅಷ್ಟೇ. 2 ಸೆಕೆಂಡ್ ಅಂದ್ರೆ ಏನು ಮಹಾ ಅನ್ಸಬಹುದು, ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ನೂರರಲ್ಲಿ ಹೋಗ್ತಿದ್ರೆ ಆ 2 ಸೆಕೆಂಡಲ್ಲಿ ಕಾರು 55 ಮೀಟರ್ ಹೋಗಿರತ್ತೆ, ನಾಲ್ಕೂವರೆ ಬಸ್ ಉದ್ದ, ಅಷ್ಟೂ ದೂರ ಕಣ್ಣು ಮುಚ್ಕೊಂಡು ಹೋದ ಹಾಗೆ. ಇಂಗ್ಲೆಂಡಲ್ಲಿ ಐಎಎಂ ರೋಡ್‌ಸ್ಮಾರ್ಟ್ ಅನ್ನೋ ಸಂಸ್ಥೆ 2020ರಲ್ಲಿ ಹೊರಗೆ ತಂದ ಸಿಮ್ಯುಲೇಟರ್ ಅಧ್ಯಯನ ಇನ್ನೊಂದು ಲೆಕ್ಕ ಹೇಳತ್ತೆ: ಫೋನಲ್ಲಿರೋದನ್ನ ಕಾರಿನ ಸ್ಕ್ರೀನಿಗೆ ತರೋ ಆ್ಯಪಲ್ ಕಾರ್‌ಪ್ಲೇಯನ್ನ ಟಚ್ ಮಾಡ್ಕೊಂಡು ಓಡಿಸಿದ್ರೆ ಡ್ರೈವರ್ ಪ್ರತಿಕ್ರಿಯೆ 57 ಪರ್ಸೆಂಟ್ ನಿಧಾನ ಆಗತ್ತೆ, ಆಂಡ್ರಾಯ್ಡ್ ಆಟೋ ಆದ್ರೆ 53. ಅಲ್ಲಿ ಕಾನೂನು ಒಪ್ಪೋ ಗರಿಷ್ಠ ಮಟ್ಟದ ತನಕ ಕುಡಿದು ಓಡಿಸಿದ್ರೆ ನಿಧಾನ ಆಗೋದು 12 ಪರ್ಸೆಂಟ್. ಕುಡಿದು ಓಡಿಸಿ ಅಂತಲ್ಲ ಮತ್ತೆ!

ಕೋರ್ಟಿಗೂ ಹೋಗಿದೆ ಇದು. ಜರ್ಮನಿಯಲ್ಲಿ ಒಬ್ಬ ಜೋರು ಮಳೇಲಿ ಟೆಸ್ಲಾ ಓಡಿಸ್ತಿದ್ದ. ಆ ಕಾರಲ್ಲಿ ವೈಪರ್ ಎಷ್ಟು ಬೇಗ ಆಡಬೇಕು ಅನ್ನೋದನ್ನ ಸ್ಕ್ರೀನಲ್ಲಿ ಸೆಟ್ ಮಾಡ್ಬೇಕು. ಅದನ್ನ ಮಾಡೋಕೆ ಹೋಗಿ ರೋಡ್ ಬಿಟ್ಟು ಬೋರ್ಡು ಮರಕ್ಕೆಲ್ಲ ಗುದ್ದಿದ. 200 ಯೂರೋ ದಂಡ, ಒಂದು ತಿಂಗಳು ಡ್ರೈವಿಂಗ್ ಬಂದ್. "ನಾನು ಕಾರಿನ ವೈಪರ್ ತಾನೆ ಸರಿ ಮಾಡ್ತಿದ್ದಿದ್ದು, ಮೊಬೈಲ್ ನೋಡ್ತಿರ್ಲಿಲ್ಲವಲ್ಲ" ಅನ್ನೋದು ಅವನ ವಾದ, ನ್ಯಾಯವಾಗೇ ಇದೆ ಅಂತ ನನಗನ್ಸತ್ತೆ. ಆದ್ರೆ 2020ರ ಮಾರ್ಚಲ್ಲಿ ಕಾರ್ಲ್ಸ್‌ರೂಹೆಯ ಮೇಲಿನ ಕೋರ್ಟು, ಸ್ಕ್ರೀನ್ ಕಾರಲ್ಲೇ ಕೂರಿಸಿದ್ರೂ ಅದು ಎಲೆಕ್ಟ್ರಾನಿಕ್ ಉಪಕರಣನೇ, ಏನು ಕೆಲಸಕ್ಕೆ ಬಳಸಿದೆ ಅನ್ನೋದು ಮುಖ್ಯ ಅಲ್ಲ, ರೋಡ್ ಮೇಲಿಂದ ಕಣ್ಣು ತೆಗೆದಿದ್ದು ಮುಖ್ಯ ಅಂತ ಶಿಕ್ಷೆ ಎತ್ತಿ ಹಿಡೀತು. ಅಂದ್ರೆ ಕಾರು ಹಾಗೆ ಮಾಡಿದ್ದು ಕಂಪನಿ, ದಂಡ ಕಟ್ಟಿದ್ದು ಮಳೇಲಿ ವೈಪರ್ ಹಾಕಕ್ಕೆ ಹೋದೋನು. ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ ಓಡಿಸ್ತಾ ಕೈಯಲ್ಲಿ ಹಿಡಿಯೋ ಫೋನು ಗೀನು ಬಳಸಿದ್ರೆ ಅದೂ ಅಪಾಯಕಾರಿ ಚಾಲನೆ ಅಂತ 184ನೇ ಸೆಕ್ಷನ್‌ಗೆ ಸೇರಿಸಿದ್ರು. ಅದರ ಮಾತು ಇರೋದು ಕೈಯಲ್ಲಿ ಹಿಡಿಯೋದರ ಬಗ್ಗೆ. ಆರಿಂಚಿನ ಫೋನ್ ಕೈಯಲ್ಲಿದ್ರೆ ತಪ್ಪು, ಹನ್ನೆರಡು ಇಂಚಿನದು ಡ್ಯಾಶ್‌ಬೋರ್ಡಲ್ಲಿದ್ರೆ ಫೀಚರ್ರು.

ಹಂಗಾದ್ರೆ ಕಂಪನಿಯವರಿಗೆ ಇದೆಲ್ಲ ಗೊತ್ತಿರ್ಲಿಲ್ವಾ? ಗೊತ್ತಿತ್ತು, ಚೆನ್ನಾಗೇ ಗೊತ್ತಿತ್ತು. 1986ರಲ್ಲೇ ಜನರಲ್ ಮೋಟಾರ್ಸ್‌ನವರು ಬ್ಯುಯಿಕ್ ರಿವಿಯೆರಾ ಅನ್ನೋ ಕಾರಲ್ಲಿ ಹಳೇ ಟಿವಿ ಥರದ ಪಿಕ್ಚರ್ ಟ್ಯೂಬಿನ ಹಸಿರು ಟಚ್ ಸ್ಕ್ರೀನ್ ಕೊಟ್ಟಿದ್ರು, ಏಸಿ ರೇಡಿಯೋ ಎಲ್ಲಾ ಅದರಲ್ಲೇ. ಇವತ್ತು ನಾವು ಬೈತಾ ಇರೋದನ್ನೇ ಆವತ್ತೂ ಬೈದ್ರು, 1990ರ ಮಾಡೆಲ್‌ಗೆ ಅದನ್ನ ತೆಗೆದು ಬಟನ್ ಹಾಕಿದ್ರು. ಆಮೇಲೆ ಐಫೋನ್ ಬಂತು, ಸಪಾಟು ಗಾಜು ಅಂದ್ರೆ ಹೊಸದು, ಬಟನ್ ಅಂದ್ರೆ ಹಳೇದು ಅನ್ನೋ ಭಾವನೆ ಎಲ್ಲರ ತಲೇಲೂ ಕೂತ್ಕೊಂಡ್ತು. 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಸ್ಕ್ರೀನ್ ಇಟ್ಕೊಂಡು ಬಂದಾಗ ಬಾಕಿ ಕಂಪನಿಗಳೆಲ್ಲ ನಮ್ಮದು ಹಳೇದಾಗಿ ಕಾಣತ್ತಲ್ಲಪ್ಪಾ ಅಂತ ಹೌಹಾರಿದ್ರು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರಿಗೆಲ್ಲ ರಿವರ್ಸ್ ಕ್ಯಾಮೆರಾ ಕಡ್ಡಾಯ ಆಯ್ತು, ಕ್ಯಾಮೆರಾ ಅಂದ್ಮೇಲೆ ಸ್ಕ್ರೀನ್ ಹೇಗೂ ಬೇಕು, ಹೇಗೂ ಸ್ಕ್ರೀನಿಗೆ ದುಡ್ಡು ಹಾಕಿದೀವಿ ಬಾಕಿದೆಲ್ಲ ಅದರೊಳಗೇ ಹಾಕೋಣ ಅನ್ನೋದು ಅಕೌಂಟ್ಸ್ ಡಿಪಾರ್ಟ್‌ಮೆಂಟಿನ ಸಹಜ ಯೋಚನೆ.

ಒಂದು ಬಟನ್ ಮಾಡೋದು ನಾವಂದ್ಕೊಂಡಷ್ಟು ಸುಲಭ ಅಲ್ಲ ನೋಡಿ. ಅದಕ್ಕೆ ಅಚ್ಚು ಮಾಡಿಸ್ಬೇಕು, ಒತ್ತಿದಾಗ ಎಷ್ಟು ಗಟ್ಟಿ ಇರಬೇಕು ಅಂತ ತೀರ್ಮಾನ ಮಾಡ್ಬೇಕು, ಸಾವಿರಾರು ಸಲ ಒತ್ತಿ ಟೆಸ್ಟ್ ಮಾಡ್ಬೇಕು, ಬಿಸಿಲಲ್ಲಿ ಬಣ್ಣ ಹೋಗಬಾರದು, ಹಿಂದೆ ವೈರು, ಕನೆಕ್ಟರು, ಎಡಗೈ ಡ್ರೈವಿಂಗಿಗೊಂದು ಬಲಗೈ ಡ್ರೈವಿಂಗಿಗೊಂದು, ಸೀಟ್ ವೆಂಟಿಲೇಶನ್ ಇರೋ ವೇರಿಯಂಟಿಗೆ ಬಟನ್ನು ಇಲ್ಲದ್ದಕ್ಕೆ ಮುಚ್ಚಳ (ಆ ಖಾಲಿ ಮುಚ್ಚಳ ನೋಡ್ಕೊಂಡು ಐದು ವರ್ಷ ಇಎಂಐ ಕಟ್ಟಿದವರಿಗೆ ಆ ನೋವು ಗೊತ್ತು). ಗಾಜಿನ ಪಟ್ಟಿಗೆ ಇದ್ಯಾವ ರಗಳೆನೂ ಇಲ್ಲ, ಚಿತ್ರ ಬದಲಾಯಿಸಿದ್ರೆ ಆಯ್ತು. ಅಂದ್ರೆ ಕಂಪನಿಗೆ ಉಳಿತಾಯ ಆಗೋ ವಸ್ತು ಶೋರೂಮಿಗೆ ಬರೋ ಹೊತ್ತಿಗೆ ಐಷಾರಾಮ ಆಗಿರತ್ತೆ. ಉಳಿಸಿದ್ದೂ ಅವರೇ, ಉಳಿಸಿದ್ದಕ್ಕೆ ನಮ್ಮ ಹತ್ರ ಜಾಸ್ತಿ ದುಡ್ಡು ತಗೊಂಡೋರೂ ಅವರೇ, ಇದಕ್ಕಿಂತ ಒಳ್ಳೇ ವ್ಯಾಪಾರ ಇದೆಯಾ.

ಇದು ಭಾರತದಲ್ಲಿ ಎಷ್ಟು ವಿಚಿತ್ರವಾಗಿ ಕಾಣತ್ತೆ ಅಂದ್ರೆ, ಸ್ಕೋಡಾ ಕುಶಾಕ್, ಸ್ಲಾವಿಯಾ, ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್ ಈ ನಾಲ್ಕರಲ್ಲೂ ಆಟೋಮ್ಯಾಟಿಕ್ ಏಸಿ ಇರೋ ಮೇಲಿನ ವೇರಿಯಂಟ್ ತಗೊಂಡ್ರೆ ಬೆರಳಲ್ಲಿ ಸವರೋ ಟಚ್ ಪ್ಯಾನೆಲ್ ಬರತ್ತೆ, ಕೆಳಗಿನ ವೇರಿಯಂಟಲ್ಲಿ ತಿರುಗಿಸೋ ಗುಂಡಿ. ಲಕ್ಷಗಟ್ಟಲೆ ಜಾಸ್ತಿ ಕೊಟ್ಟೋನು ಟೆಂಪರೇಚರ್ ಎಲ್ಲಿದೆ ಅಂತ ಕೆಳಗೆ ನೋಡ್ತಾನೆ, ಬೇಸ್ ಮಾಡೆಲ್‌ನೋನು ರೋಡ್ ನೋಡ್ಕೊಂಡೇ ತಿರುಗಿಸ್ತಾನೆ. 2019ರಲ್ಲಿ ಬಂದ ಎಂಜಿ ಹೆಕ್ಟರ್ 10.4 ಇಂಚಿನ ಉದ್ದ ಸ್ಕ್ರೀನೊಳಗೇ ಏಸಿ ಹಾಕಿತ್ತು. 2023ರಲ್ಲಿ ಹೊಸ ರೂಪ ಪಡೆದ ಟಾಟಾ ನೆಕ್ಸಾನ್ ಕೂಡ ಏಸಿ ಬಟನ್ನುಗಳನ್ನ ಟಚ್ ಪ್ಯಾನೆಲ್ ಮಾಡ್ತು, ಪುಣ್ಯಕ್ಕೆ ಎರಡು ಕಡ್ಡಿಯಂಥ ಸ್ವಿಚ್ ಉಳಿಸ್ಕೊಂಡ್ತು, ಮೇಲೆ ಕೆಳಗೆ ತಳ್ಳೋಕೆ, ಆ ಎರಡು ಕಡ್ಡಿನೇ ಆ ಡ್ಯಾಶ್‌ಬೋರ್ಡಿನ ಮರ್ಯಾದೆ ಉಳಿಸಿದ್ದು ಅಂತ ನನ್ನ ಅಭಿಪ್ರಾಯ. ಮಹೀಂದ್ರಾ 2024ರ ಕೊನೇಲಿ ತೋರಿಸಿದ ಎಕ್ಸ್‌ಇವಿ 9ಇ ಒಳಗೆ 12.3 ಇಂಚಿನ ಸ್ಕ್ರೀನು ಒಂದಲ್ಲ ಮೂರು. ಮಾರುತಿಯವರು ಮಾತ್ರ ಬಹುಪಾಲು ಕಾರಲ್ಲಿ ಇನ್ನೂ ಗುಂಡಿ, ಸ್ವಿಚ್ಚು ಕೊಡ್ತಾ ಇದಾರೆ, ಹಳೇ ಕಾಲದೋರು ಅಂತ ಬೈಸ್ಕೊಂಡೂ.

ರಿಪೇರಿ ಮಾತು ಎರಡೇ ಸಾಲಲ್ಲಿ ಹೇಳ್ತೀನಿ. ನಮ್ಮೂರ ಗ್ಯಾರೇಜಿನೋನಿಗೆ ಈ ಪ್ಯಾನೆಲ್ ತೋರಿಸಿದಾಗ ಅವನಂದಿದ್ದು "ಸ್ವಿಚ್ಚಾಗಿದ್ರೆ ಬಿಚ್ಚಿ ಕ್ಲೀನ್ ಮಾಡಿ ಕೊಡ್ತಿದ್ದೆ ಸಾರ್, ಇದು ಹೋದ್ರೆ ಪೂರ್ತಿ ಅಸೆಂಬ್ಲಿನೇ ಬದಲಾಯಿಸ್ಬೇಕು, ಶೋರೂಮಿಗೇ ಹೋಗಿ." ಅಮೆರಿಕದಲ್ಲಿ 2021ರಲ್ಲಿ ಟೆಸ್ಲಾ ಸುಮಾರು 1 ಲಕ್ಷ 35 ಸಾವಿರ ಕಾರು ವಾಪಸ್ ಕರೀಬೇಕಾಯ್ತು, ಕಾರಣ ಸ್ಕ್ರೀನ್ ಹಿಂದಿನ 8 ಜಿಬಿ ಮೆಮೊರಿ ಚಿಪ್ಪು ಬರೆದು ಬರೆದು ಸವೆದು ಹೋಗ್ತಿತ್ತು, ಅದು ಸತ್ರೆ ರಿವರ್ಸ್ ಕ್ಯಾಮೆರಾನೂ ಹೋಗತ್ತೆ, ಗಾಜಿನ ಆವಿ ತೆಗೆಯೋ ಕಂಟ್ರೋಲೂ ಹೋಗತ್ತೆ. ಅದನ್ನ ಓದಿದಾಗ ನನಗೆ ನೆನಪಾಗಿದ್ದು ಚಾರ್ಮಾಡಿನೇ.

ಕಾರಲ್ಲದ ಒಂದು ಉದಾಹರಣೆ ಇದೆ, ಅದು ನನ್ನನ್ನ ಎಲ್ಲಕ್ಕಿಂತ ಜಾಸ್ತಿ ಅಲ್ಲಾಡಿಸಿದ್ದು. 2017ರ ಆಗಸ್ಟ್ 21ರ ಬೆಳಗಿನ ಜಾವ, ಸಿಂಗಾಪುರದ ಹತ್ರ, ಅಮೆರಿಕ ನೌಕಾಪಡೆಯ ಯುಎಸ್‌ಎಸ್ ಜಾನ್ ಎಸ್ ಮೆಕೇನ್ ಅನ್ನೋ ಯುದ್ಧನೌಕೆ ಆಲ್ನಿಕ್ ಎಂಸಿ ಅನ್ನೋ ಟ್ಯಾಂಕರಿಗೆ ಡಿಕ್ಕಿ ಆಯ್ತು, 10 ಜನ ನಾವಿಕರು ತೀರ್ಕೊಂಡ್ರು. ಆ ಹಡಗಿನ ಸ್ಟೀರಿಂಗು, ಸ್ಪೀಡ್ ಏರಿಸಿ ಇಳಿಸೋ ಥ್ರಾಟಲ್ಲು ಎಲ್ಲಾ ಟಚ್ ಸ್ಕ್ರೀನ್ ಮೇಲಿತ್ತು. ಸ್ಟೀರಿಂಗು ಒಬ್ಬನ ಹತ್ರ ಇರಲಿ, ಥ್ರಾಟಲ್ ಪಕ್ಕದವನ ಸ್ಕ್ರೀನಿಗೆ ಹೋಗಲಿ ಅಂತ ಕೆಲಸ ಹಂಚೋಕೆ ಹೋದಾಗ ಗೊಂದಲ ಆಗಿ, ಎರಡು ಪ್ರೊಪೆಲ್ಲರ್ ಒಟ್ಟಿಗೆ ನಿಧಾನ ಆಗೋ ಬದಲು ಒಂದು ಮಾತ್ರ ನಿಧಾನ ಆಗಿ, ಹಡಗು ಎಡಕ್ಕೆ ತಿರುಗಿ ಟ್ಯಾಂಕರಿನ ದಾರಿಗೆ ಅಡ್ಡ ಹೋಯ್ತು. ಸ್ಟೀರಿಂಗೇ ಕೈ ಕೊಟ್ಟಿದೆ ಅಂತ ಅಲ್ಲಿದ್ದವರು ಅಂದ್ಕೊಂಡಿದ್ರು, ಯಾವ ಸ್ಕ್ರೀನ್ ಹತ್ರ ಯಾವುದು ಇದೆ ಅನ್ನೋದೇ ಗೊತ್ತಾಗಿರ್ಲಿಲ್ಲ. ತರಬೇತಿ ಕಮ್ಮಿ ಇತ್ತು, ಸುಸ್ತಾಗಿದ್ರು, ಕಾರಣ ಬೇರೆ ಬೇರೆನೂ ಇದ್ವು. ಆದ್ರೆ 2019ರಲ್ಲಿ ಆ ನೌಕಾಪಡೆಯವರೇ ನಮಗೆ ಕೈಯಲ್ಲಿ ಹಿಡಿದು ತಳ್ಳೋ ಹಳೇ ಥ್ರಾಟಲ್ಲೇ ಬೇಕು ಅಂತ ತೀರ್ಮಾನ ಮಾಡಿದ್ರು. ಎಳೆದ ಲಿವರ್ ಎಲ್ಲಿದೆ ಅಂತ ಹತ್ತಡಿ ದೂರದಿಂದಲೂ ಕಾಣತ್ತೆ, ಪಕ್ಕದೋನಿಗೂ ಕಾಣತ್ತೆ. ಸ್ಕ್ರೀನ್ ಮೇಲಿನ ಅಂಕಿ ಅದರ ಮುಂದೆ ಕೂತೋನಿಗೆ ಮಾತ್ರ ಕಾಣೋದು.

ಈಗ ಗಾಳಿ ತಿರುಗ್ತಾ ಇದೆ. ಫೋಕ್ಸ್‌ವ್ಯಾಗನ್‌ನವರು ಗಾಲ್ಫ್ ಅನ್ನೋ ಕಾರಿನ ಎಂಟನೇ ತಲೆಮಾರಲ್ಲಿ ಟೆಂಪರೇಚರ್, ವಾಲ್ಯೂಮಿಗೆ ಸವರೋ ಪಟ್ಟಿ ಕೊಟ್ಟು, ಅದಕ್ಕೆ ರಾತ್ರಿ ಕಾಣೋಕೆ ಲೈಟೂ ಕೊಡದೆ (ಇದನ್ನ ಮೀಟಿಂಗಲ್ಲಿ ಯಾರು ಒಪ್ಪಿದ್ರೋ) ವರ್ಷಗಟ್ಟಲೆ ಉಗಿಸ್ಕೊಂಡ್ರು. 2022ರಲ್ಲಿ ಸ್ಟೀರಿಂಗ್ ಮೇಲೆ ಒತ್ತೋ ಬಟನ್ ವಾಪಸ್ ತರ್ತೀವಿ ಅಂದ್ರು, 2025ರಲ್ಲಿ ಅವರ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್ ಇನ್ಮುಂದೆ ವಾಲ್ಯೂಮು, ಎರಡೂ ಕಡೆ ಟೆಂಪರೇಚರು, ಫ್ಯಾನು, ಹಜಾರ್ಡ್ ಲೈಟು ಇಷ್ಟಕ್ಕೆ ಸ್ಕ್ರೀನ್ ಕೆಳಗೆ ನಿಜವಾದ ಬಟನ್ ಇದ್ದೇ ಇರತ್ತೆ, ಆ ತಪ್ಪು ಮತ್ತೆ ಮಾಡಲ್ಲ, ಇದು ಕಾರು ಫೋನಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು. ಹೋಂಡಾ ಅದಕ್ಕಿಂತ ಮುಂಚೆನೇ ಸಿವಿಕ್‌ಗೆ ವಾಲ್ಯೂಮ್ ಗುಂಡಿ ವಾಪಸ್ ಕೊಟ್ಟಿತ್ತು. ಸ್ಕೋಡಾದವರೇ ಹೊಸ ಕೋಡಿಯಾಕಲ್ಲಿ ನಡುವೆ ಪುಟ್ಟ ಸ್ಕ್ರೀನ್ ಇರೋ ತಿರುಗಿಸೋ ಗುಂಡಿ ಇಟ್ಟಿದಾರೆ, ಒತ್ತಿದ್ರೆ ಬೇರೆ ಕೆಲಸ, ತಿರುಗಿಸಿದ್ರೆ ಕೈಗೆ ಟಿಕ್ ಟಿಕ್ ಅಂತ ಗೊತ್ತಾಗತ್ತೆ, ನನಗೆ ಕೇಳಿದ್ರೆ ಇದೇ ಸರಿಯಾದ ದಾರಿ. ತಮಾಷೆ ಅಂದ್ರೆ ಮಾಜ್ದಾ. 2019ರಲ್ಲಿ ಮಾಜ್ದಾ 3 ಕಾರಿಂದ ಟಚ್ ಸ್ಕ್ರೀನನ್ನೇ ಕಿತ್ತು ಹಾಕಿ, ಮುಟ್ಟೋಕೆ ಕೈ ಚಾಚಿದ್ರೆ ಗೊತ್ತಿಲ್ಲದೇ ಸ್ಟೀರಿಂಗ್ ತಿರುಗಿಬಿಡತ್ತೆ ಅಂತ ಹೇಳಿದ ಕಂಪನಿ ಅದು, ಈಗ ಬೇರೆಯವರೆಲ್ಲ ಬಟನ್ ಕಡೆ ವಾಪಸ್ ಬರೋ ಹೊತ್ತಿಗೆ ಹೊಸ ಸಿಎಕ್ಸ್-5 ಒಳಗೆ ದೊಡ್ಡ ಸ್ಕ್ರೀನ್ ಹಾಕಿ ಬಟನ್ ತೆಗೆದಿದೆ.

ಕಂಪನಿಗಳ ಮನಸ್ಸು ಕರಗಿದ್ದು ಬರೀ ನಮ್ಮ ಗೋಳಿಂದ ಅಲ್ಲ. ಯೂರೋಪಲ್ಲಿ ಸುರಕ್ಷತೆ ನೋಡಿ ಕಾರಿಗೆ ಸ್ಟಾರ್ ಕೊಡೋ ಯೂರೋ ಎನ್‌ಕ್ಯಾಪ್ ಅನ್ನೋ ಸಂಸ್ಥೆ 2026ರಿಂದ ಹೊಸ ನಿಯಮ ತಂದಿದೆ: ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ಎಮರ್ಜೆನ್ಸಿ ಕರೆಯ ಬಟನ್, ಇವಕ್ಕೆಲ್ಲ ನೇರವಾಗಿ ಕೈಗೆ ಸಿಗೋ ಕಂಟ್ರೋಲ್ ಇಲ್ಲದಿದ್ರೆ ಅಂಕ ಹೋಗತ್ತೆ. ಸ್ಟಾರ್ ಹೋಗತ್ತೆ ಅಂದ್ರೆ ಅಲ್ಲಿ ಕಾರು ಮಾರೋದು ಕಷ್ಟ. ಹಾರ್ನನ್ನ ಯಾರಪ್ಪಾ ಟಚ್ ಬಟನ್ ಮಾಡ್ತಾರೆ ಅಂದ್ಕೋಬೇಡಿ, 2021ರ ಟೆಸ್ಲಾ ಮಾಡೆಲ್ ಎಸ್ ವಿಮಾನದ ಹ್ಯಾಂಡಲ್ ಥರದ ಸ್ಟೀರಿಂಗ್ ಜೊತೆ ಬಂದಾಗ ಹಾರ್ನ್ ಒಂದು ಸಣ್ಣ ಟಚ್ ಬಟನ್ ಆಗಿತ್ತು, ಇಂಡಿಕೇಟರೂ ಅಷ್ಟೇ. ಹಾರ್ನಿಗೆ ಹೀಗೆ ಮಾಡಿ ನಮ್ಮ ಸಿಲ್ಕ್ ಬೋರ್ಡಿಗೆ ತಂದಿದ್ರೆ ಆ ಕಂಪನಿ ಒಂದು ವಾರ ಬಾಳ್ತಿರ್ಲಿಲ್ಲ. ಹಜಾರ್ಡ್ ಲೈಟ್ ಬೇಕಾದ್ರೆ ಟಚ್ ಬಟನ್ ಮಾಡ್ಲಿ ಅಂತ ಒಂದೊಂದ್ಸಲ ಅನ್ಸತ್ತೆ, ಸರ್ಕಲಲ್ಲಿ ನೇರ ಹೋಗ್ತೀನಿ ಅಂತ ನಾಲ್ಕೂ ಇಂಡಿಕೇಟರ್ ಹಾಕೋ ಮಹಾನುಭಾವರಿಗಾದ್ರೂ ಸ್ವಲ್ಪ ಕಷ್ಟ ಆಗ್ಲಿ.

ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಸ್ಟಾರ್ ಕೊಡ್ತಾ ಇದೆ, ಅದು ನೋಡೋದು ಮುಖ್ಯವಾಗಿ ಗುದ್ದಿದ ಮೇಲೆ ದೊಡ್ಡವರಿಗೆ ಎಷ್ಟು ಏಟಾಗತ್ತೆ, ಮಕ್ಕಳಿಗೆ ಎಷ್ಟಾಗತ್ತೆ ಅನ್ನೋದನ್ನ. ಅದೂ ಬೇಕೇ ಬೇಕು, ಹತ್ತು ವರ್ಷದ ಹಿಂದೆ ಅದೂ ಇರ್ಲಿಲ್ಲ. ಆದ್ರೆ ಗುದ್ದೋಕಿಂತ ಎರಡು ಸೆಕೆಂಡ್ ಮುಂಚೆ ಡ್ರೈವರ್ ಕಣ್ಣು ಎಲ್ಲಿತ್ತು, ಅದನ್ನ ಅಲ್ಲಿಗೆ ಎಳೆದಿದ್ದು ಯಾರು ಅನ್ನೋದೂ ಒಂದು ಪ್ರಶ್ನೆ ತಾನೆ. ಕೆಲವು ಕಾರಲ್ಲಿ ಈಗ ಡ್ರೈವರ್ ಮುಖ ನೋಡೋ ಕ್ಯಾಮೆರಾ ಬೇರೆ ಇರತ್ತೆ, ಕಣ್ಣು ಆಚೀಚೆ ಹೋದ್ರೆ ರೋಡ್ ನೋಡಿ ಅಂತ ಬೀಪ್ ಮಾಡತ್ತೆ. ಏಸಿ ಸ್ಕ್ರೀನೊಳಗೆ ಬಚ್ಚಿಟ್ಟೋರೂ ಅವರೇ, ಹುಡುಕೋಕೆ ಹೋದ್ರೆ ಬೈಯೋರೂ ಅವರೇ.

ವಾಯ್ಸ್ ಕಮಾಂಡ್ ಇದೆಯಲ್ಲ, ಬಾಯಲ್ಲಿ ಹೇಳಿದ್ರಾಯ್ತು ಅಂತಾರೆ. ನಾನೂ ಹೇಳಿ ನೋಡಿದೀನಿ. "ಏಸಿ ಸ್ವಲ್ಪ ಕಮ್ಮಿ ಮಾಡು" ಅಂದೆ, ಅದಕ್ಕೆ ಅರ್ಥ ಆಗ್ಲಿಲ್ಲ. ಇಂಗ್ಲಿಷಲ್ಲಿ ಟೆಂಪರೇಚರ್ ಟ್ವೆಂಟಿಫೋರ್ ಅಂದೆ, ಯಾರಿಗೋ ಫೋನ್ ಮಾಡ್ಲಾ ಅಂತ ಕೇಳ್ತು. ಹಿಂದಿನ ಸೀಟಲ್ಲಿ ಮಗ ಬಿದ್ದು ಬಿದ್ದು ನಕ್ಕ. ಮಳೆ ಶಬ್ದ, ಮಕ್ಕಳ ಗಲಾಟೆ, ಅತ್ತೆಯ ಭಜನೆ ಕ್ಯಾಸೆಟ್ಟಿನ ಯೂಟ್ಯೂಬ್ ಅವತಾರ, ಇಷ್ಟರ ಮಧ್ಯೆ ಬರೋ ಕನ್ನಡ ಅದಕ್ಕೆ ಅರ್ಥ ಆಗೋ ದಿನ ಬಂದ್ರೆ ಆವತ್ತು ಮಾತಾಡೋಣ.

ಹೊಸ ಕಾರು ನೋಡೋಕೆ ಹೋಗೋರಿಗೆ ಒಂದು ಮಾತು. ಟೆಸ್ಟ್ ಡ್ರೈವ್‌ಗೆ ಮುಂಚೆ ನಿಂತಿರೋ ಕಾರಲ್ಲೇ ಕೂತು, ಸೇಲ್ಸ್ ಹುಡುಗ ಏನಾದ್ರೂ ಅಂದ್ಕೊಳ್ಲಿ, ಕಣ್ಣು ಮುಚ್ಕೊಂಡು ನಾಲ್ಕು ಕೆಲಸ ಮಾಡಿ ನೋಡಿ: ಮುಂದಿನ ಡಿಫಾಗರ್ ಹಾಕೋದು, ಫ್ಯಾನ್ ಜೋರು ಮಾಡೋದು, ವೈಪರ್ ಸ್ಪೀಡ್ ಏರಿಸೋದು, ವಾಲ್ಯೂಮ್ ಇಳಿಸೋದು. ಮೊದಲನೇ ಸಲ ಆಗಲ್ಲ, ಯಾವ ಕಾರಲ್ಲೂ ಆಗಲ್ಲ. ಕಣ್ಣು ಬಿಟ್ಟು ಒಂದ್ಸಲ ನೋಡ್ಕೊಂಡು ಮತ್ತೆ ಮುಚ್ಚಿ ಮಾಡಿ. ಮೂರನೇ ಸಲಕ್ಕೂ ಬೆರಳಿಗೆ ದಾರಿ ಸಿಗದಿದ್ರೆ ಮೂರು ವರ್ಷ ಆದ್ರೂ ಸಿಗಲ್ಲ, ನನ್ನ ಅನುಭವ. ಮನೇಲಿ ದೊಡ್ಡವರಿದ್ರೆ ಅವರ ಬೆರಳಲ್ಲೂ ಮುಟ್ಟಿಸಿ ನೋಡಿ.

ನಮ್ಮದು ಈಗಾಗ್ಲೇ ತಗೊಂಡು ಆಗಿದೆ, ಇಎಂಐ ಇನ್ನೂ ಎರಡು ವರ್ಷ ಇದೆ. ಘಾಟಿಯಿಂದ ವಾಪಸ್ ಬಂದ ವಾರ ನನ್ನ ಹೆಂಡತಿ ಬಾತ್‌ರೂಮಿನ ಕನ್ನಡಿ ಮೇಲೆ ಸಾಲಾಗಿ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟಿನಲ್ಲಿ ಒಂದನ್ನ ಕಿತ್ಕೊಂಡು ಬಂದು, ಡಿಫಾಗರ್ ಚಿತ್ರದ ಸರಿಯಾಗಿ ಕೆಳಗೆ, ಟಚ್ ತಗೊಳ್ಳದ ಪ್ಲಾಸ್ಟಿಕ್ ಅಂಚಿನ ಮೇಲೆ ಅಂಟಿಸಿದ್ಳು. ಮೆರೂನ್ ಬಣ್ಣ, ಮಖಮಲ್ಲಿನ ಥರ ಉಬ್ಬು. ಈಗ ಕೈ ಚಾಚಿ ಅಂಚಿನ ಗುಂಟ ಹೋದ್ರೆ ಬೊಟ್ಟು ಸಿಗತ್ತೆ, ಅದರ ಮೇಲೆ ಬೆರಳಿಟ್ಕೊಂಡು ಸುಮ್ನೆ ಕೂರಬಹುದು, ಬೇಕಾದಾಗ ಅರ್ಧ ಇಂಚು ಮೇಲೆ ಜಾರಿಸಿದ್ರೆ ಟಿಂಗ್. ಹೋದ ತಿಂಗಳು ಸರ್ವಿಸ್‌ಗೆ ಬಿಟ್ಟಾಗ ವಾಷಿಂಗಿನೋರು ಅದನ್ನ ಕೊಳೆ ಅಂದ್ಕೊಂಡು ಕೆರೆದು ತೆಗೆದಿದ್ರು, ಮನೆಗೆ ಬಂದ ಮೇಲೆ ಇನ್ನೊಂದು ಅಂಟಿಸಿದೀವಿ.